ಓಡುವವರಿಗೆ ಹೆಸರಿಟ್ಟ ಆಯಿ

ಗಜೇಂದ್ರಗಡದಿಂದ ಫೋನು ಬಂದಾಗ ನಾನು ರೋಣದ ಸಂತೆಯಲ್ಲಿ ಮೆಂತ್ಯದ ಕಟ್ಟು ಆರಿಸುತ್ತ ನಿಂತಿದ್ದೆ. ಫೋನು ಮಾಡಿದವರು ಹಳೆಯ ಬೀದಿಯ ಗೆಳೆಯರು. ಮಳೆ, ಮಕ್ಕಳು, ಮೊಣಕಾಲು ಎಂದು ಎಲ್ಲ ಕೇಳಿ ಮುಗಿಸಿ, ಕಡೆಗೆ, ‘ಆಯಿ ಹೋದ್ಲರಿ, ಮೊನ್ನಿ ಸೋಮಾರ ಮುಂಜಾನಿ’ ಅಂದರು. ಎಷ್ಟು ಹೊತ್ತಿಗೆ ಎಂದು ಕೇಳಿದೆ. ಐದೂವರೆ ಆರರ ಸುಮಾರಿಗಂತೆ. ಬೆವರದಂಡು ಹೊರಡುವ ಹೊತ್ತು ಎಂದು ನನ್ನ ಬಾಯಿಂದ ತಾನಾಗಿ ಬಂತು. ಆ ಕಡೆಯವರು ಹೌದ್ರಿ, ಅದ ಹೊತ್ತು ಅಂದರು. ಆ ಮಾತಿನ ಅರ್ಥವೇನು ಎಂದು ಕೇಳಲಿಲ್ಲ. ಆ ಬೀದಿಯಲ್ಲಿ ಬಾಳಿದವರು ಯಾರೂ ಕೇಳುವುದಿಲ್ಲ.

ಬೆವರದಂಡು ಎನ್ನುವುದು ಆಯಿ ಕಟ್ಟಿದ ಮಾತು. ಬೆಳಗಾಗುತ್ತಲೇ ಗುಂಪುಗಟ್ಟಿಕೊಂಡು ಬೀದಿ ತುಂಬ ಓಡುವವರಿಗೆಲ್ಲ ಸೇರಿಸಿ ಅವಳು ಇಟ್ಟ ಹೆಸರು ಅದು. ಅದರ ಒಳಪಂಗಡಗಳಿಗೆ ಬೇರೆ ಬೇರೆ ಹೆಸರುಗಳಿದ್ದವು. ಪೊಲೀಸ್ ಭರ್ತಿಗೆ ತಯಾರಿ ನಡೆಸುವ ಹುಡುಗರು ಸೀಟಿ ಊದಿಕೊಂಡು, ಒಂದೇ ಹೆಜ್ಜೆ ಹಾಕಿಕೊಂಡು ಬರುತ್ತಿದ್ದರು. ಅವರು ಸೀಟಿಹಿಂಡು. ಅಡತಿ ಅಂಗಡಿಯವರು, ಗುತ್ತಿಗೆದಾರರು ಈ ಗೋಡೆಯಿಂದ ಆ ಗೋಡೆಯವರೆಗೆ ಹರಡಿಕೊಂಡು, ಕಡಲೆಯ ಧಾರಣೆಯನ್ನೋ ಬರುವ ಚುನಾವಣೆಯನ್ನೋ ಮಾತಾಡುತ್ತ, ಎಮ್ಮೆ ಎದುರು ಬಂದರೂ ದಾರಿ ಬಿಡದೆ ಓಡುತ್ತಿದ್ದರು. ಅದು ಹರಟೋಟ. ನಾಲ್ಕು ಹೆಜ್ಜೆ ಓಡಿ, ನಿಂತು, ಕೂದಲು ತಿದ್ದಿಕೊಂಡು ಮೊಬೈಲು ಎತ್ತಿ ಹಿಡಿಯುವವರದು ಫೋಟೋಟ. ಹೊಸ ಬೂಟು ತಂದ ವಾರ ಮಾತ್ರ ಕಾಣಿಸಿ ಮಾಯವಾಗುವವರು ಬೂಟವಾರದವರು. ನನ್ನಂತೆ, ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದೆ ಎಂದು ಡಾಕ್ಟರು ಚೀಟಿಯಲ್ಲಿ ಬರೆದು ಕೊಟ್ಟದ್ದಕ್ಕೆ ಓಡುವವರದು ಚೀಟಿಯೋಟ.

ನಾನು ಓದಿದ್ದು ಕಡಿಮೆ. ಮಾತು ಕಲಿತದ್ದು ಬೆಳವಣಕಿಯ ನಮ್ಮ ಓಣಿಯ ಹಿರಿಯರಿಂದ. ಜೋಳ ಕೇರುತ್ತ, ಹತ್ತಿ ಬಿಡಿಸುತ್ತ ಅವರು ಆಡಿದ್ದನ್ನು ಕೇಳಿ. ಹಾಗಾಗಿ ಒಳ್ಳೆಯ ಮಾತು ಎಲ್ಲಿ ಸಿಕ್ಕರೂ ಕಿವಿ ಅಲ್ಲೇ ನಿಲ್ಲುತ್ತದೆ. ಸರ್ಕಾರಿ ದನದ ದವಾಖಾನೆಯಲ್ಲಿ ನನಗೆ ಕೆಲಸ. ಮೆಣಸಗಿಯಲ್ಲಿ ಎಂಟು ವರ್ಷ ಇದ್ದು, ಅಲ್ಲಿಂದ ಗಜೇಂದ್ರಗಡಕ್ಕೆ ವರ್ಗವಾಗಿ ಬಂದವನು ನೇಕಾರರ ಬೀದಿಯಲ್ಲಿ ಬಾಡಿಗೆಗೆ ಮನೆ ಹಿಡಿದೆ. ನಾನು ಡಾಕ್ಟರಲ್ಲ, ಅವರ ಕೈಕೆಳಗಿನವ. ಆದರೂ ಊರವರು ಡಾಕ್ಟರ ಎಂದೇ ಕರೆದರು. ಎದುರು ಮನೆಯೇ ಆಯಿಯದು. ಆಯಿ ಎಂದರೆ ನಮ್ಮ ಕಡೆ ಅಜ್ಜಿ. ಅವಳು ಇಡೀ ಬೀದಿಗೇ ಆಯಿ.

ಮೊದಲ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಬೀದಿಯೇ ಕಾಣಲಿಲ್ಲ. ಈ ತುದಿಯಿಂದ ಆ ತುದಿಗೆ, ಸೊಂಟದೆತ್ತರದಲ್ಲಿ, ನೂಲಿನ ಚಾಪೆ ಹಾಸಿದಂತಿತ್ತು. ಸೀರೆ ನೇಯುವ ಮೊದಲು ಉದ್ದೆಳೆಗಳನ್ನೆಲ್ಲ ಹೀಗೆ ಬೀದಿಯಲ್ಲಿ ಬಿಗಿದು ಕಟ್ಟಿ, ಗಂಜಿ ಹಚ್ಚಿ, ದೊಡ್ಡ ಕುಂಚದಿಂದ ತೀಡುತ್ತಾರೆ. ಹೀಗೆ ಕಟ್ಟಿದ ನೂಲಿಗೆ ಹಾಸು ಎನ್ನುತ್ತಾರೆ. ಬಿಸಿಲು ಏರುವ ಮುಂಚೆಯೇ ಈ ಕೆಲಸ ಆಗಬೇಕು. ಏರಿದರೆ ಗಂಜಿ ಬೇಗ ಬಿರುಸಾಗಿ ಎಳೆ ತುಂಡಾಗುತ್ತದೆ. ಓಡುವವರಿಗೆ ಬೇಕಾದ ಹೊತ್ತೂ ಅದೇ, ಬೇಕಾದ ಬೀದಿಯೂ ಅದೇ. ಊರಲ್ಲಿ ಗುಂಡಿ ಇಲ್ಲದ ನೆಟ್ಟನೆಯ ಬೀದಿ ಅದೊಂದೇ ಇತ್ತು. ಅವರು ಎಬ್ಬಿಸುವ ಧೂಳು ಹಸಿ ಗಂಜಿಗೆ ಹತ್ತುತ್ತಿತ್ತು. ಕೆಲವರು ಹಾಸಿನ ಕೆಳಗೆ ನುಸುಳುವಾಗ ಬೆನ್ನು ತಾಗಿಸುತ್ತಿದ್ದರು. ಒಬ್ಬ ಹಾರಲು ಹೋಗಿ ಕಾಲು ಸಿಕ್ಕಿಸಿಕೊಂಡದ್ದೂ ಉಂಟು.

ಬೇರೆಯವರಾದರೆ ಬೈಯುತ್ತಿದ್ದರು. ಆಯಿ ಬೈಯುತ್ತಿರಲಿಲ್ಲ. ಕುಂಚ ಕೆಳಗಿಟ್ಟು, ಹೆಬ್ಬೆರಳು ತೋರುಬೆರಳು ಸೇರಿಸಿ ಎಳೆ ಹೊಸೆಯುವಂತೆ ಎರಡು ಸಲ ತಿರುವುವಳು. ಅಷ್ಟರಲ್ಲಿ ಓಡುವವರು ತಿರುವು ದಾಟಿರುತ್ತಿದ್ದರು. ಅವರ ಹಿಂದೆಯೇ ಹೊಸ ಮಾತೊಂದು ಹೋಗುತ್ತಿತ್ತು. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟು: ‘ಬೈದ್ರ ನಮ್ಮ ಬಾಯಿ ಹೊಲಸಾಗತೈತಿ. ಹೆಸರಿಟ್ರ ಅವರ ಕಾಲಿಗೆ ಗೆಜ್ಜಿ ಕಟ್ಟಿದಂಗ, ದೂರ ಇದ್ದಾಗನ ಯಾರು ಬಂದ್ರಂತ ತಿಳೀತೈತಿ.’

ಅದು ಖರೆಯೇ ಆಗಿತ್ತು. ಬೀದಿಯ ತುದಿಯ ಮನೆಯವರು ‘ಸೀಟಿಹಿಂಡು’ ಎಂದು ಕೂಗಿದರೆ ಇಲ್ಲಿಯವರು ಹಾಸಿನ ಒಂದು ಅಂಚು ಎತ್ತಿ ಹಿಡಿಯುತ್ತಿದ್ದರು; ಆ ಹುಡುಗರು ಬಾಗಿ ಓಡಬಲ್ಲರು. ‘ಹರಟೋಟ’ ಎಂದು ಕೂಗಿದರೆ ಇಬ್ಬರು ಹೆಂಗಸರು ಮುಂದೆ ಹೋಗಿ ನಿಲ್ಲಬೇಕು, ಆ ಜನ ಬಾಗುವವರಲ್ಲ. ಹೆಸರು ಕೇಳಿ ಏನು ಮಾಡಬೇಕೆಂದು ಬೀದಿಗೆ ತಿಳಿದಿತ್ತು.

ಹೆಸರಿಗೆ ಅವಳದೊಂದು ಕಾಯಿದೆಯೂ ಇತ್ತು. ಹೊಸ ಮಾತು ಮೂರು ಮುಂಜಾನೆ ಬಾಳಬೇಕು. ಮೂರನೆಯ ದಿನವೂ ಯಾರಾದರೂ ‘ಹಂಗಂದ್ರ ಏನಬೇ’ ಎಂದು ಕೇಳಿದರೆ ಆ ಮಾತನ್ನು ಅವಳೇ ಕೈಬಿಡುತ್ತಿದ್ದಳು. ನಾಯಿ ಹಿಂದೆ ಬಿದ್ದಾಗ ಮಾತ್ರ ಜೋರಾಗಿ ಓಡುವ ಒಬ್ಬ ಮಾಸ್ತರರಿಗೆ ಅವಳು ಇಟ್ಟ ಹೆಸರು ಒಂದೇ ದಿನಕ್ಕೆ ಬಿದ್ದುಹೋಯಿತು. ನನಗೆ ಅದು ಬಹಳ ಹಿಡಿಸಿತ್ತು, ಉಳಿಸಿಕೊಳ್ಳಿ ಎಂದು ಬೇಡಿದೆ. ಗಂಟು ನಿಲ್ಲದ ಎಳೆಯನ್ನು ಯಾರೂ ಮಗ್ಗಕ್ಕೆ ಏರಿಸುವುದಿಲ್ಲ ಎಂದಳು. ಈಗ ಆ ಹೆಸರು ನನಗೂ ನೆನಪಿಲ್ಲ.

ಚೀಟಿಯೋಟದವನಾಗಿದ್ದ ನಾನು ಒಂದು ತಿಂಗಳಲ್ಲಿ ಹರಟೋಟಕ್ಕೆ ಸೇರಿದೆ. ಒಬ್ಬನೇ ಓಡಿದರೆ ಬೇಸರ. ನಮ್ಮ ಗುಂಪಿನ ಮುಂದಾಳು ಕಬ್ಬಿಣದ ಸಾಮಾನಿನ ಅಂಗಡಿಯವರು, ಭಾರೀ ಆಳು. ತಮಗೆ ಹೀಗೊಂದು ಹೆಸರಿದೆ ಎಂದು ತಿಳಿದಾಗ ಮೊದಲು ಅವರಿಗೆ ಸಿಟ್ಟು ಬಂತು. ಎರಡು ದಿನ ನಮ್ಮನ್ನು ಬೇರೆ ಬೀದಿಯಲ್ಲಿ ಓಡಿಸಿದರು. ಮೂರನೆಯ ದಿನ ನಮ್ಮ ಮೊಬೈಲ್ ಗುಂಪಿಗೆ ತಾವೇ ಹರಟೋಟ ಎಂದು ಹೆಸರಿಟ್ಟರು. ತಿಂಗಳೊಳಗೆ ಅಂಗಿಯ ಬೆನ್ನ ಮೇಲೂ ಅದೇ ಅಕ್ಷರ ಬಂತು. ಆ ಅಂಗಿ ತೊಟ್ಟು ಹೋಗಿ ನಾನು ಆಯಿಗೆ ತೋರಿಸಿದೆ. ಅವಳಿಗೆ ಓದಲು ಬರುತ್ತಿರಲಿಲ್ಲ, ನಾನೇ ಓದಿ ಹೇಳಿದೆ. ಅವಳು ನಗಲಿಲ್ಲ. ‘ಬೈಗಳಕ್ಕ ಬಾಸಿಂಗ ಕಟ್ಟ್ಯಾರ ನೋಡು’ ಎಂದು ಸೊಸೆಗೆ ಹೇಳಿ ಒಳಗೆ ಹೋದಳು.

ಹೀಗೆ ಬರೆಯುವಾಗ ಆಯಿ ಬರೀ ತಮಾಷೆಯವಳೆಂದು ಅನಿಸಬಾರದು. ಅವಳು ಮಾತು ಕಟ್ಟುತ್ತಿದ್ದದ್ದು ಕೈ ಬಿಡುವಾದಾಗ, ಕೈ ಬಿಡುವಾಗುತ್ತಿದ್ದದ್ದು ಅಪರೂಪ. ಬೆರಳ ತುದಿಗಳು ಗಂಜಿ ಒಣಗಿ ಸದಾ ಬೆಳ್ಳಗಿರುತ್ತಿದ್ದವು. ಕಡಿದ ಎಳೆ ಹುಡುಕಿ ಹುಡುಕಿ ಎಡಗಣ್ಣು ಅರ್ಧ ಮುಚ್ಚಿಯೇ ಇರುತ್ತಿತ್ತು. ಹೊಸಬರಿಗೆ ಕಣ್ಣು ಹೊಡೆಯುತ್ತಿದ್ದಾಳೆ ಎನ್ನಿಸುವಂತೆ. ಊಟಕ್ಕೆ ಕರೆದರೆ ಬರುತ್ತಿದ್ದಳು, ರೊಟ್ಟಿ ದಪ್ಪವಾಯಿತೆಂದು ಹೇಳಿಯೇ ಉಣ್ಣುತ್ತಿದ್ದಳು. ನನ್ನ ಹೆಂಡತಿಗೆ ಆಕೆ ಎಂದರೆ ಜೀವ. ಎದುರು ವಾದ ಮಾತ್ರ ಮಾಡುತ್ತಿರಲಿಲ್ಲ.

ಆ ಹೊತ್ತಿಗೆ ಬೀದಿಯ ಉಳಿದ ಮನೆಗಳಿಗೆಲ್ಲ ಮಷೀನಿನಲ್ಲಿ ಗಂಜಿ ಹಚ್ಚಿದ ತಯಾರು ಹಾಸು ಬರತೊಡಗಿ, ಮುಂಜಾನೆ ಬೀದಿಗೆ ಇಳಿದು ನಿಲ್ಲುವವರು ಇಲ್ಲವಾಗಿದ್ದರು. ಆಯಿಯ ಮನೆಗೆ ಮಾತ್ರ ಒಬ್ಬ ಸಾವಕಾರರು ಗಂಜಿ ಹಚ್ಚದ ನೂಲು ಕಳಿಸುತ್ತಿದ್ದರು. ಕೈಗಂಜಿಯ ಸೀರೆ ಮೈಗೆ ಹತ್ತುತ್ತದೆ ಎಂದು ನಂಬಿದ ಹಳೆಯ ಕಾಲದವರು ಅವರು. ಆದರೆ ಹಿಂದಿನ ಬೇಸಿಗೆಯಲ್ಲಿ ಒಂದು ಹಾಸು ಅಕಾಲದ ಮಳೆಗೆ ಸಿಕ್ಕಿ ಕೆಟ್ಟಿತ್ತು. ಆಗ ಸಾವಕಾರರು, ಇನ್ನೊಂದು ಕೆಟ್ಟರೆ ತಾವೂ ಮಷೀನಿಗೇ ಕಳಿಸಬೇಕಾಗುತ್ತದೆ ಎಂದು ಮೆತ್ತಗೆ ಹೇಳಿ ಹೋಗಿದ್ದರು. ಹಾಗಾದರೆ ಆಯಿಗೆ ಬೀದಿಯ ಕೆಲಸ ಮುಗಿದಂತೆ. ಮಗ ಸೊಸೆಗೆ ಮಗ್ಗವಿತ್ತು, ಅವರು ಯಾರ ಹಾಸನ್ನಾದರೂ ನೇಯುವರು. ಆಯಿಗೆ ಇದ್ದದ್ದು ಕುಂಚವೊಂದೇ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರಲು ಅವಳ ಸೊಂಟ ಎಂದೋ ಒಪ್ಪದಾಗಿತ್ತು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದನ್ನು ಈಗ ಹೇಳಬೇಕು.

ನಮ್ಮ ಹರಟೋಟದವರು ಒಂದು ಭಾನುವಾರ ಊರಿಗೆಲ್ಲ ಆರೋಗ್ಯದ ಓಟ ಇಟ್ಟುಕೊಂಡರು. ಶಾಲೆಯ ಮಕ್ಕಳು, ಸೀಟಿಹಿಂಡಿನವರು, ಎಲ್ಲರೂ. ನರಗುಂದದಿಂದ ಅತಿಥಿಗಳು ಬಂದು ಬಾವುಟ ಬೀಸುವವರಿದ್ದರು. ಏಳಕ್ಕೆ ಓಟ. ಹಿಂದಿನ ದಿನ ನಾನೇ ಹೋಗಿ ಆಯಿಯನ್ನು ಕೇಳಿದ್ದೆ. ಆರೂಮುಕ್ಕಾಲಿಗೆ ಹಾಸು ಎತ್ತಿರುತ್ತೇನೆ ಎಂದು ಮಾತು ಕೊಟ್ಟಿದ್ದಳು. ಅತಿಥಿಗಳು ಐದೂಮುಕ್ಕಾಲಿಗೇ ಬಂದುಬಿಟ್ಟರು. ಅತಿಥಿಗಳು ಹೊತ್ತಿಗೆ ಮೊದಲೇ ಬಂದದ್ದನ್ನು ನನ್ನ ನೌಕರಿಯ ಕಾಲದಲ್ಲಿ ನಾನು ನೋಡಿದ್ದು ಅದೊಂದೇ ಸಲ. ಅವರಿಗೆ ಮುಂದೆ ಇನ್ನೊಂದು ಊರಲ್ಲಿ ಮದುವೆಯಿತ್ತು. ಆರೂಕಾಲಿಗೆ ಬಾವುಟ ಬೀಸಿಯೇಬಿಟ್ಟರು.

ದಾರಿ ಬಿಡಿಸುವ ಕೆಲಸ ನನ್ನದು. ಇಬ್ಬರನ್ನು ಕರೆದುಕೊಂಡು ಮುಂದೆ ಓಡಿದೆ. ನಮ್ಮ ಬೀದಿಗೆ ಬಂದರೆ ಹಾಸು ಇನ್ನೂ ಇದೆ. ಅರ್ಧಕ್ಕೆ ಗಂಜಿ ಹಚ್ಚಿದ್ದು ಹಸಿಹಸಿ ಹೊಳೆಯುತ್ತಿದೆ. ಆಯಿ ಎರಡನೆಯ ಪಾತ್ರೆ ಗಂಜಿ ಇಳಿಸಲು ಒಳಗೆ ಹೋಗಿದ್ದಳು. ಕೂಗಿದೆ. ಒಲೆಯ ಮುಂದೆ ಕೇಳಿಸಲಿಲ್ಲ. ಹಿಂದೆ ಇಡೀ ಊರಿನ ಕಾಲ್ಸಪ್ಪಳ ಬರುತ್ತಿತ್ತು. ಅಷ್ಟು ಜನ ನುಗ್ಗಿದರೆ ಹಾಸು ಹರಿದುಹೋಗುತ್ತದೆ, ಉಳಿಸಬೇಕು ಎಂದುಕೊಂಡೆ.

ಹಾಸಿನ ನಡುನಡುವೆ ಮಾರಿಗೊಂದರಂತೆ ತೆಳ್ಳನೆಯ ಬಿದಿರ ಕೋಲುಗಳನ್ನು ತೂರಿಸಿರುತ್ತಾರೆ. ಅವನ್ನೆಲ್ಲ ಒಂದೊಂದಾಗಿ ಎಳೆದು ಗೋಡೆಗೆ ಒರಗಿಸಿದೆ. ತುದಿಯ ಹಗ್ಗ ಬಿಚ್ಚಿದೆ. ಮೂವರೂ ಸೇರಿ ಹಾಸನ್ನು ಕಂಬಳಿ ಮಡಚುವಂತೆ ನೀಟಾಗಿ ಮಡಚಿ, ಸುತ್ತಿ, ಆಯಿಯ ಮನೆಯ ಕಟ್ಟೆಯ ಮೇಲಿಟ್ಟೆವು. ಧೂಳು ಹತ್ತಬಾರದೆಂದು ಮೇಲೆ ನನ್ನ ಟವೆಲು ಹೊದಿಸಿದೆ. ಓಟ ಹಾದುಹೋಯಿತು. ಅತಿಥಿಗಳು ಜೀಪಿನಿಂದ ಕೈ ಬೀಸಿದರು. ನಾನೂ ಬೀಸಿದೆ. ಒಳ್ಳೆಯ ಕೆಲಸ ಮಾಡಿದೆ ಎಂಬ ಖುಷಿ ನನಗೆ.

ಆ ಕೋಲುಗಳು ಎಳೆಗಳ ವಿಳಾಸ. ಒಂದು ಎಳೆ ಕೋಲಿನ ಮೇಲೆ, ಮುಂದಿನದು ಕೆಳಗೆ, ಹೀಗೆ ಸಾವಿರಾರು ಎಳೆಗಳು ತಮ್ಮ ಸಾಲು ತಪ್ಪದಂತೆ ಹಿಡಿದಿಡುವುದು ಅವೇ. ಎಳೆದರೆ ಯಾವುದು ಯಾವುದರ ಪಕ್ಕದ್ದು ಎಂದು ತಿಳಿಯುವುದಿಲ್ಲ. ಮೇಲಿಂದ ಹಸಿ ಗಂಜಿ. ಮಡಚಿದ ಕಡೆಯೆಲ್ಲ ಎಳೆಗೆ ಎಳೆ ಅಂಟಿಕೊಂಡು ಒಣಗಿದರೆ ಮುಗಿಯಿತು, ಹಗ್ಗವಾಗುತ್ತದೆ. ಇದು ನನಗೆ ಅವತ್ತು ತಿಳಿದಿರಲಿಲ್ಲ.

ಆಯಿ ಗಂಜಿಯ ಪಾತ್ರೆ ಹಿಡಿದು ಹೊರಗೆ ಬಂದಳು. ಖಾಲಿ ಬೀದಿ ನೋಡಿದಳು. ಗೋಡೆಗೆ ಒರಗಿಸಿದ ಕೋಲು ನೋಡಿದಳು. ಕಟ್ಟೆಯ ಮೇಲಿನ ಟವೆಲು ಎತ್ತಿ, ಮಡಿಕೆಯೊಳಗೆ ಕೈ ತೂರಿಸಿ ನೋಡಿದಳು.

‘ಯಾರು ಸುತ್ತಿದ್ದು?’

‘ನಾನ ರೀ ಆಯಿ. ಹರೀಬಾರ್ದಂತ.’

ಅವಳು ಬೆರಳು ತಿರುವುತ್ತಾಳೆ, ನನಗೊಂದು ಹೆಸರು ಬರುತ್ತದೆ ಎಂದು ಕಾದೆ. ಬರಲಿಲ್ಲ. ಕಟ್ಟೆಯ ಮೇಲೆ ಕುಳಿತು ಸೊಸೆಯನ್ನು ಕರೆದು, ‘ನೀರ ತಾ ಲಗೂ. ಒಣಗಾಕ ಬಿಡಬಾರದು’ ಎಂದಷ್ಟೇ ಹೇಳಿದಳು. ಆಗ ನನಗೆ ಏನೋ ಆಗಿದೆ ಎಂದು ತಿಳಿಯಿತು. ಏನಾಗಿದೆ ಎಂದು ಸೊಸೆ ಅಳುತ್ತ ಬಿಡಿಸಿ ಹೇಳಿದಳು.

ಹರಟೋಟದವರನ್ನು ಕರೆತಂದೆ. ಏಳು ಜನ ಬಂದರು. ಅಂಗಡಿ ಬಿಟ್ಟು ಬಂದರು, ಅದನ್ನು ಇಲ್ಲಿ ಹೇಳಲೇಬೇಕು. ಆಯಿ ಹಾಸಿನ ಮೇಲೆ ಒದ್ದೆ ಬಟ್ಟೆ ಹೊದಿಸಿ, ಗೇಣು ಗೇಣಷ್ಟೇ ತೆರೆದು, ನಮ್ಮನ್ನು ಎರಡೂ ಬದಿಗೆ ಸಾಲಾಗಿ ಕೂರಿಸಿದಳು. ಒಂದೊಂದೇ ಎಳೆ ಬಿಡಿಸಿ, ಅದರ ಜಾಗ ಹುಡುಕಿ, ಕೋಲಿನ ಮೇಲೊಂದು ಕೆಳಗೊಂದು ಹಾಕಬೇಕು. ‘ಎಳೀಬ್ಯಾಡ್ರಿ, ಬಿಡಸ್ರಿ. ಉಸರ ಜೋರ ಬಿಟ್ರೂ ಸಾಲ ತಪ್ಪತಾವ’ ಅಂದಳು. ಕಬ್ಬಿಣದಂಗಡಿಯವರ ದಪ್ಪ ಬೆರಳಿಗೆ ಎಳೆ ಸಿಗಲೇ ಇಲ್ಲ. ಅವರಿಗೆ ಕೋಲು ಅಲುಗದಂತೆ ಹಿಡಿದು ಕೂರುವ ಕೆಲಸ ಕೊಟ್ಟಳು. ಚುನಾವಣೆಯ ಮಾತಿಲ್ಲ, ಧಾರಣೆಯ ಮಾತಿಲ್ಲ. ನಾಲ್ಕು ದಿನ ಊರಲ್ಲಿ ಹರಟೋಟ ನಡೆಯಲಿಲ್ಲ. ದನದ ದವಾಖಾನೆಗೆ ನಾನು ರಜೆ ಬರೆದುಕೊಟ್ಟೆ. ಕಾರಣದ ಕಡೆ ಏನು ಬರೆಯಬೇಕೆಂದು ತಿಳಿಯದೆ ಹೊಟ್ಟೆನೋವು ಎಂದು ಬರೆದೆ.

ಆ ನಾಲ್ಕೂ ದಿನ ಆಯಿ ನನ್ನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಸಿಟ್ಟೂ ಮಾಡಲಿಲ್ಲ. ಸೀಟಿಹಿಂಡು ಆ ಕಡೆ ಬಂದು, ನಮ್ಮನ್ನು ನೋಡಿ, ಸೀಟಿ ಊದದೆ ಹಿಂದಿರುಗಿತು.

ಐದನೆಯ ದಿನ ಸಾವಕಾರರು ಬಂದರು. ಹಾಸಿನಲ್ಲಿ ಮುಕ್ಕಾಲು ಪಾಲು ಸಾಲಿಗೆ ಬಂದಿತ್ತು, ಕಾಲು ಪಾಲು ಹೋಗಿತ್ತು. ಎಂಟು ಸೀರೆಯ ಹಾಸಿನಲ್ಲಿ ಆರು ಬಂದರೆ ಹೆಚ್ಚು. ಅವರು ಬಗ್ಗಿ ನೋಡಿ, ಯಾರ ಕೈಯಲ್ಲಿ ಕೆಟ್ಟಿತು ಎಂದು ಕೇಳಿದರು. ನಾವು ಎಂಟೂ ಜನ ಅಲ್ಲೇ ಕುಳಿತಿದ್ದೆವು.

‘ನನ್ನ ಕೈಯಾಗ್ರಿ’ ಅಂದಳು ಆಯಿ.

ಸಾವಕಾರರು ತಲೆಯಾಡಿಸಿದರು. ಅವರ ಮುಖ ನೋಡಿದರೆ ಮುಂದಿನ ಮಾತು ಏನೆಂದು ಗೊತ್ತಾಗುತ್ತಿತ್ತು: ವಯಸ್ಸಾಯಿತು, ಇನ್ನು ಮಷೀನು. ನಾನು ಎದ್ದು ನಿಂತು, ಅಲ್ಲ, ಕೆಡಿಸಿದವನು ನಾನು, ಹಸಿ ಇದ್ದಾಗಲೇ ಕೋಲು ತೆಗೆದು ಸುತ್ತಿಟ್ಟೆ ಎಂದು ಹೇಳಿದೆ. ಅವರು ನಂಬಲಿಲ್ಲ. ಮುದುಕಿಯನ್ನು ಉಳಿಸಲು ದೊಡ್ಡ ಮನಸ್ಸು ಮಾಡಿ ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡರು.

‘ಹಸಿ ಹಾಸು ಯಾರರ ಸುತ್ತತಾರೇನ್ರಿ ಡಾಕ್ಟರ? ಈ ಊರಾಗ ಹುಟ್ಟಿದ ಕೂಸಿಗೂ ಗೊತ್ತೈತಿ.’

‘ನಾ ಈ ಊರಾಗ ಹುಟ್ಟಿಲ್ರಿ ಸಾವಕಾರ್ರ. ಬೆಳವಣಕಿಯಾಂವ. ನಮ್ಮಲ್ಲಿ ಹತ್ತಿ ಬಿಡಸತೀವಿ, ಚೀಲಕ್ಕ ತುಂಬತೀವಿ. ಮುಂದಿಂದು ನಮಗ ಗೊತ್ತಿಲ್ಲ.’

ಕಬ್ಬಿಣದಂಗಡಿಯವರು ಹೌದು ಎಂದು ಸಾಕ್ಷಿ ಹೇಳಿದರು. ಸಾವಕಾರರು ಅದನ್ನೂ ಗೆಳೆತನದ ಮಾತು ಎಂದು ತೆಗೆದುಹಾಕಿದರು. ಕಡೆಗೆ ನನಗೆ ಬೇರೆ ದಾರಿ ಕಾಣದೆ, ಹೆಗಲ ಮೇಲಿದ್ದ ಟವೆಲು ಬೀದಿಯಲ್ಲಿ ಹರವಿ, ಹೀಗೆ ಹಿಡಿದೆ, ಇಲ್ಲಿ ಮಡಚಿದೆ, ಮತ್ತೆ ಇಲ್ಲಿ, ಆಮೇಲೆ ಸುತ್ತಿ ಮೊಣಕಾಲಿನಿಂದ ಒತ್ತಿದೆ ಎಂದು ಮಾಡಿ ತೋರಿಸಿದೆ. ಮೊಣಕಾಲಿನಿಂದ ಒತ್ತಿದ್ದನ್ನು ನೋಡಿದಾಗ ಅವರ ಮುಖ ಬದಲಾಯಿತು. ಮಗುವಿನ ಮೇಲೆ ಯಾರೋ ಕುಳಿತುಕೊಂಡಂತೆ ಅವರು ಕೈ ಚಾಚಿದರು. ನೂಲು ಬಲ್ಲವನು ಸುಳ್ಳಿಗೆಂದು ಕೂಡ ಹಾಗೆ ಒತ್ತಲಾರ ಎಂದು ಅವರಿಗೆ ಅನಿಸಿರಬೇಕು. ಸಾಕ್ರಿ, ಸಾಕು ಎಂದು ನನ್ನನ್ನು ಎಬ್ಬಿಸಿದರು. ಆಯಿಯ ಕಡೆ ತಿರುಗಿ, ಬರುವ ಅಮಾವಾಸ್ಯೆ ಕಳೆದ ಮೇಲೆ ನೂಲು ಕಳಿಸುತ್ತೇನೆ ಎಂದು ಹೇಳಿ ಹೋದರು.

ಬೀದಿಯವರೆಲ್ಲ ಚದುರಿದ ಮೇಲೆ, ತಪ್ಪು ನಿಮ್ಮದೆಂದು ಯಾಕೆ ಹೇಳಿದಿರಿ ಎಂದು ಆಯಿಯನ್ನು ಕೇಳಿದೆ. ನನ್ನ ಮಾನ ಕಾಯಲಿಕ್ಕೆ ಎಂದು ನಾನು ಅಂದುಕೊಂಡಿದ್ದೆ. ಅವಳು ಕೋಲುಗಳನ್ನು ಒರೆಸಿ ಕಟ್ಟುತ್ತಿದ್ದವಳು ತಲೆ ಎತ್ತಲಿಲ್ಲ.

‘ನಿನ್ನ ಸಲುವಾಗಿ ಅಲ್ಲ. ಹಾಸು ಬೀದಿಗೆ ಹಾಕಿದಾಕಿ ನಾನು. ಹಾಕಿದ ಮ್ಯಾಲೆ ಬಿಟ್ಟು ಒಳಗ ಹೋಗಬಾರದಿತ್ತು. ನನ್ನ ಅತ್ತಿ ಇದ್ದಾಗ ಹೊರಗೊಬ್ರು ನಿಂತ ನಿಲ್ಲೋರು. ಈಗ ನಿಲ್ಲಾಕ ಯಾರದಾರ, ಎಲ್ಲಾರೂ ಓಡತಾರ.’

ಕಟ್ಟು ಬಿಗಿದು ಗಂಟು ಹಾಕಿದಳು. ಆಮೇಲೆ ಹೇಳಿದಳು: ‘ಮುಂದಿನ ಹಾಸು ಬಂದ ದಿನ ಐದಕ್ಕ ಬಾ.’

ಗಂಜಿ ಹಚ್ಚಲು ಕಲಿಸುತ್ತೀರೇನು ಎಂದು ಕೇಳಿದೆ.

‘ಅದು ನಿನಗ ಆಗೂದಿಲ್ಲ’ ಅಂದಳು. ‘ನಿಲ್ಲಾಕ.’

ಗಜೇಂದ್ರಗಡದಲ್ಲಿ ನಾನು ಇನ್ನೂ ಮೂರು ವರ್ಷ ಇದ್ದೆ. ಹಾಸು ಬೀದಿಗೆ ಬಂದ ದಿನ ಓಡಲಿಲ್ಲ. ಅವಳು ಗಂಜಿ ಇಳಿಸಲು ಒಳಗೆ ಹೋದಾಗಲೆಲ್ಲ, ಬರುವವರೆಗೆ, ಹೊರಗೆ ನಿಂತಿರುತ್ತಿದ್ದೆ.